ಕಾರೊಯ್ ತಕಾಚನ ಎಡಗೈ

ಒಂದು ಜಿಲ್ಲಾ ಬಂದೂಕು ಸಂಘದ ಕಾರ್ಯದರ್ಶಿಗಳು, ಸರಕಾರಿ ನೌಕರಿಯಿಂದ ನಿವೃತ್ತರಾದ ವೃದ್ಧ ಮಹಾಶಯರು, ನಮಗೆ ಕಾಗದ ಬರೆದು ಒಂದು ವಿಚಾರದಲ್ಲಿ ನಮ್ಮ ಅಭಿಪ್ರಾಯವನ್ನು ಕೇಳಿರುವರು. ಅವರ ಸಂಘಕ್ಕೆ ಗುರಿಯಾಟದ ಸಣ್ಣ ಪಿಸ್ತೂಲೊಂದನ್ನು ಕೊಳ್ಳಬೇಕಾಗಿದೆ. ಅವರ ಮುಂದೆ ಎರಡು ಪಿಸ್ತೂಲುಗಳಿವೆ. ಒಂದರ ಪೆಟ್ಟಿಗೆಯಲ್ಲಿ ಕಾರ್ಖಾನೆಯವರೇ ಹೊಡೆದು ಇಟ್ಟ ಗುರಿಯ ಕಾಗದವಿದೆ. ಅದರಲ್ಲಿ ಐದು ಗುಂಡುಗಳೂ ಒಂದೇ ತೂತಿನಲ್ಲಿ ಹೊಕ್ಕಂತೆ ಕಾಣುತ್ತದೆ. ಇನ್ನೊಂದಕ್ಕೆ ಅಂಥ ಸಾಕ್ಷಿಪತ್ರವೇನೂ ಇಲ್ಲ. ಆದರೆ ಸಂಘದ ಹುಡುಗರ ಕೈಗೆ ಅದೇ ಚೆನ್ನಾಗಿ ಕೂಡುತ್ತದಂತೆ. ಸಾಲದುದಕ್ಕೆ, ಅವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಡೆಯುವ ಹುಡುಗನು ಎಡಚ. ಇವೆರಡರಲ್ಲಿ ನಿಖರವಾದುದು ಯಾವುದೆಂದು ತೀರ್ಮಾನಿಸುವ ಬಗೆ ಹೇಗೆ ಎಂಬುದು ಅವರ ಪ್ರಶ್ನೆ.

ಪತ್ರಿಕೆಯವರನ್ನು ಪಿಸ್ತೂಲಿನ ವಿಚಾರವಾಗಿ ಕೇಳುವುದೇ ಎಂದು ವಾಚಕರು ನಕ್ಕಾರು. ನಾವೂ ಮೊದಲು ನಕ್ಕೆವು. ಆದರೆ ಪ್ರಶ್ನೆಯು ತೋರುವಷ್ಟು ಸಣ್ಣದಲ್ಲ. ಸಾಧನವು ಒಳ್ಳೆಯದೋ, ಅದನ್ನು ಹಿಡಿದ ಕೈ ಒಳ್ಳೆಯದೋ ಎಂಬುದನ್ನು ಬೇರೆ ಬೇರೆಯಾಗಿ ತೂಗಿನೋಡುವುದು ಎಲ್ಲ ಕಸಬುಗಳಲ್ಲಿಯೂ ಕಷ್ಟವೇ. ನಮ್ಮ ಮುದ್ರಣಾಲಯದಲ್ಲಿ ಸೀಸದ ಅಚ್ಚುಮೊಳೆಗಳಿದ್ದ ಕಾಲದಲ್ಲಿ ಪುಟವು ಮಸಕಾಗಿ ಬಂದರೆ, ಮೊಳೆ ಸವೆದಿದೆಯೆಂದು ಜೋಡಿಸುವವನೂ, ಮಸಿ ಕೆಟ್ಟಿದೆಯೆಂದು ಯಂತ್ರದವನೂ, ಇಬ್ಬರ ಕೈಯೂ ಸರಿಯಿಲ್ಲವೆಂದು ನಾವೂ ವಾದಿಸುತ್ತಿದ್ದೆವು. ವಾದವು ಮುಗಿಯುವುದರೊಳಗೆ ಟಪಾಲಿನ ಗಾಡಿ ಹೊರಟುಹೋಗುತ್ತಿತ್ತು. ಇರಲಿ. ಕಾಗದವನ್ನು ಓದಿದೊಡನೆ ನಮಗೆ ನೆನಪಾದವನು ಹಂಗೇರಿ ದೇಶದ ಕಾರೊಯ್ ತಕಾಚ್. ಪಿಸ್ತೂಲಿನ ಗುರಿಯಾಟವನ್ನು ಬಲ್ಲವರೆಲ್ಲರೂ ಆ ಹೆಸರನ್ನು ಬಲ್ಲರು. ಉಳಿದ ವಾಚಕರಿಗಾಗಿ ಆತನ ಜೀವನವನ್ನು ಇಲ್ಲಿ ಹೇಳುವೆವು. ಕಾರ್ಯದರ್ಶಿಗಳಿಗೆ ಬೇಕಾದ ಉತ್ತರದ ಬಹುಭಾಗವು ಅದರೊಳಗೇ ಇದೆ.

ತಕಾಚನು ೧೯೧೦ನೆಯ ಇಸವಿ ಜನವರಿ ೨೧ರಂದು ಬುಡಾಪೆಸ್ಟ್ ನಗರದಲ್ಲಿ ಹುಟ್ಟಿದನು. ಆಗ ಹಂಗೇರಿಯು ಆಸ್ಟ್ರಿಯಾದೊಡನೆ ಒಂದೇ ಸಿಂಹಾಸನದ ಕೆಳಗಿದ್ದ ದೊಡ್ಡ ರಾಜ್ಯ. ಆತನಿಗೆ ಹತ್ತು ವರ್ಷ ತುಂಬಿದ ೧೯೨೦ರಲ್ಲಿ ಟ್ರಿಯಾನಾನ್ ಸಂಧಿಪತ್ರಕ್ಕೆ ಸಹಿ ಬಿದ್ದು, ಯುದ್ಧದಲ್ಲಿ ಸೋತ ಆ ರಾಜ್ಯವು ತನ್ನ ನೆಲದಲ್ಲಿ ಮೂರರಲ್ಲಿ ಎರಡು ಪಾಲನ್ನು ಕಳೆದುಕೊಂಡಿತು. ಸೈನ್ಯವು ೩೫,೦೦೦ ಜನವನ್ನು ಮೀರಕೂಡದೆಂಬ ಕಟ್ಟಳೆಯೂ ಬಂದಿತು. ಕುಗ್ಗಿದ ಆ ದೇಶದ ಸೈನ್ಯವನ್ನೇ ತಕಾಚನು ಸೇರಿದನು. ಅಲ್ಲಿ ಪಿಸ್ತೂಲು ಅವನ ಕೈಗೆ ಬಂದಿತು, ಕೈಗೆ ಹತ್ತಿತು. ೧೯೩೬ರ ವೇಳೆಗೆ ಯೂರೋಪಿನ ಉತ್ತಮ ಪಿಸ್ತೂಲುಗಾರರ ಸಾಲಿನಲ್ಲಿ ಅವನೂ ಒಬ್ಬನಾಗಿದ್ದನು. ಪದವಿಯಲ್ಲಿ ಮಾತ್ರ ಇನ್ನೂ ಸಾರ್ಜೆಂಟ್.

ಆ ವರ್ಷ ಬರ್ಲಿನ್ ನಗರದಲ್ಲಿ ಒಲಿಂಪಿಕ್ ಪಂದ್ಯಗಳು. ಹಂಗೇರಿಯ ತಂಡಕ್ಕೆ ಜನರನ್ನು ಆರಿಸುವಾಗ, ಸೈನಿಕರ ಪೈಕಿ ಕಮಿಷನ್ ಪಡೆದ ಅಧಿಕಾರಿಗಳೇ ಹೋಗತಕ್ಕದ್ದೆಂಬ ನಿಯಮವು ಅಡ್ಡ ಬಂದು ತಕಾಚನು ಹೊರಗುಳಿದನು. ಅವನ ಗುಂಡುಗಳು ಗುರಿ ತಪ್ಪಿದವೆಂದಲ್ಲ, ತೋಳಿನ ಪಟ್ಟಿ ಸಾಲದೆಂದು. ಗುರಿಯ ಕಾಗದವೆಂಬುದು ಲೋಕದಲ್ಲಿರುವ ಅತಿ ನಿಷ್ಪಕ್ಷಪಾತಿಯಾದ ಪರೀಕ್ಷಕ. ಹೊಡೆದವನ ಜಾತಿ, ಹುದ್ದೆ, ಸಂಬಳ ಯಾವುದನ್ನೂ ಅದು ಕೇಳುವುದಿಲ್ಲ; ತೂತು ಎಲ್ಲಿದೆ ಎಂಬುದೊಂದನ್ನೇ ಹೇಳುತ್ತದೆ. ಇಂಥ ಪರೀಕ್ಷಕನು ಕೈಯಲ್ಲಿರುವಾಗ ಅವನನ್ನು ಬದಿಗಿಟ್ಟು ಪಟ್ಟಿಗಳನ್ನು ಎಣಿಸಿದ ಸೇನಾಧಿಕಾರಿಗಳನ್ನು ಏನೆನ್ನೋಣ! ಬರ್ಲಿನ್ನಿನಲ್ಲಿ ಶೀಘ್ರ ಪಿಸ್ತೂಲಿನ ಪಂದ್ಯವನ್ನು ಜರ್ಮನಿಯ ಕಾರ್ನೇಲಿಯಸ್ ಫಾನ್ ಓಯೆನ್ ಎಂಬವನು ಗೆದ್ದನು. ನಮ್ಮ ದೇಶದಲ್ಲಿ ಇಂಥದು ನಡೆಯಲಿಲ್ಲವೆಂಬುದನ್ನು ಸಂತೋಷದಿಂದ ಹೇಳಬೇಕು. ೨೦೧೨ರಲ್ಲಿ ಲಂಡನ್ ನಗರದ ಒಲಿಂಪಿಕ್ಕಿನಲ್ಲಿ ಇದೇ ಪಂದ್ಯದಲ್ಲಿ ಭಾರತಕ್ಕೆ ಬೆಳ್ಳಿಯ ಪದಕವನ್ನು ತಂದ ವಿಜಯಕುಮಾರರು ಡೋಗ್ರಾ ಪಡೆಯ ಸುಬೇದಾರರಾಗಿದ್ದರು.

ಬರ್ಲಿನ್ ಪಂದ್ಯಗಳು ಮುಗಿದ ಮೇಲೆ ಹಂಗೇರಿಯ ಸೈನ್ಯವು ಆ ನಿಯಮವನ್ನು ಬಿಟ್ಟುಕೊಟ್ಟಿತು. ತಕಾಚನು ೧೯೪೦ರ ಒಲಿಂಪಿಕ್ಕಿನ ಮೇಲೆ ಕಣ್ಣಿಟ್ಟನು. ಅವು ಟೋಕಿಯೋ ನಗರದಲ್ಲಿ ನಡೆಯಬೇಕೆಂದು ನಿಶ್ಚಯವಾಗಿದ್ದಿತು. ಹೀಗಿರಲು ೧೯೩೮ರಲ್ಲಿ ಸೈನ್ಯದ ಕವಾಯತಿನ ಸಮಯದಲ್ಲಿ ಅವನ ಬಲಗೈಯಲ್ಲಿ ಒಂದು ಕೈಬಾಂಬು ಸಿಡಿಯಿತು. ಅದು ದೋಷವುಳ್ಳ ಬಾಂಬು. ಪಿಸ್ತೂಲನ್ನು ಹಿಡಿಯುತ್ತಿದ್ದ ಕೈಯೇ ನಾಶವಾಯಿತು. ಎರಡು ವರ್ಷಗಳ ಹಿಂದೆ ಈ ಮನುಷ್ಯನನ್ನು ಅಳೆದು ನೋಡಿ ಸಾಲದೆಂದವರು, ಅವನ ಅಂಗೈಗೆ ಕೊಡುವ ಬಾಂಬನ್ನು ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಿರಲಿಲ್ಲ. ಈ ಮಾತನ್ನು ನಾವು ಕಹಿಯಿಂದಲೇ ಬರೆಯುತ್ತಿರುವೆವು.

ಒಂದು ತಿಂಗಳು ಅವನು ಆಸ್ಪತ್ರೆಯಲ್ಲಿದ್ದನು. ವಯಸ್ಸು ೨೮. ಎಲ್ಲರ ಲೆಕ್ಕದಲ್ಲಿಯೂ ಅವನ ಆಟವು ಮುಗಿದಿತ್ತು. ಆಸ್ಪತ್ರೆಯಿಂದ ಹೊರಬಂದವನು ಯಾರಿಗೂ ಹೇಳದೆ ಎಡಗೈಯಲ್ಲಿ ಪಿಸ್ತೂಲು ಹಿಡಿದು ಮೊದಲಿನಿಂದ ಅಭ್ಯಾಸವನ್ನು ಆರಂಭಿಸಿದನು. ನಮ್ಮವರಿಗೆ ಇಲ್ಲಿ ಏಕಲವ್ಯನು ನೆನಪಾಗದೆ ಇರನು. ಬಲಗೈಯ ಹೆಬ್ಬೆರಳನ್ನು ಕಳೆದುಕೊಂಡ ಮೇಲೆಯೂ ಅವನು ಉಳಿದ ಬೆರಳುಗಳಿಂದ ಬಾಣ ಬಿಡುತ್ತಿದ್ದನು. ಆದರೆ ಮೊದಲಿನ ಶೀಘ್ರತೆ ಹೋಯಿತೆಂದು ಭಾರತದ ಕಥೆ ಹೇಳುತ್ತದೆ. ತಕಾಚನ ಪಂದ್ಯಕ್ಕೆ ಪ್ರಾಣವೇ ಶೀಘ್ರತೆ. ಎಡಗೈಯೆಂಬುದು ನಮ್ಮಲ್ಲಿ ಎಷ್ಟು ತಾತ್ಸಾರಕ್ಕೆ ಗುರಿಯಾದ ಅಂಗವೆಂಬುದು ಗೊತ್ತೇ ಇದೆ. ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಎಡಗೈಯಲ್ಲಿ ಬಳಪ ಹಿಡಿಯುತ್ತಿದ್ದ ಹುಡುಗನೊಬ್ಬನ ಆ ಕೈಯನ್ನು ಉಪಾಧ್ಯಾಯರು ದಿನವೂ ಬೆತ್ತದಿಂದ ತಿದ್ದುತ್ತಿದ್ದರು. ಹುಡುಗನ ಅಕ್ಷರವು ಮುತ್ತಿನಂತಿತ್ತು. ವರ್ಷದ ಕೊನೆಗೆ ಅವನು ಬಲಗೈಯಲ್ಲಿ ಬರೆಯಲು ಕಲಿತನು, ಅಕ್ಷರವು ಕಾಗೆಯ ಕಾಲಿನಂತಾಯಿತು, ಉಪಾಧ್ಯಾಯರು ತೃಪ್ತರಾದರು.

ತಕಾಚನು ಹಿಡಿದ ಕೆಲಸವು ಎಂಥದೆಂದು ತಿಳಿಯಬೇಕಾದರೆ ಈ ಪಿಸ್ತೂಲಿನ ಗುಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಕಾರ್ಯದರ್ಶಿಗಳಿಗೂ ಇಲ್ಲಿಯೇ ಪ್ರಯೋಜನವುಂಟು. ಶೀಘ್ರ ಪಿಸ್ತೂಲಿನ ಪಂದ್ಯದಲ್ಲಿ ಬಳಸುವುದು ರಿಮ್ ಫೈರ್ ಎಂಬ ಜಾತಿಯ ಸಣ್ಣ ತೋಟೆ. ನಳಿಗೆಯ ಒಳವ್ಯಾಸವು ೫.೬ ಮಿಲಿಮೀಟರು, ಎಂದರೆ ಅಂಗುಲದ ನೂರರಲ್ಲಿ ೨೨ ಪಾಲು. ಈ ತೋಟೆಯ ತಳದ ಅಂಚು ಒಳಗೆ ಟೊಳ್ಳು. ಪೆಟ್ಟು ಬಿದ್ದರೆ ಸಿಡಿಯುವ ಮದ್ದನ್ನು ಆ ಟೊಳ್ಳಿನೊಳಗೆ ಸುತ್ತಲೂ ತುಂಬಿರುತ್ತಾರೆ. ಕುದುರೆಯನ್ನು ಎಳೆದಾಗ ಉಕ್ಕಿನ ಮೊಳೆಯು ಅಂಚಿನ ಒಂದು ಕಡೆಯನ್ನು ಜಜ್ಜುತ್ತದೆ. ಕಿಡಿ ಹುಟ್ಟಿ ಒಳಗಿನ ಮದ್ದು ಹೊತ್ತಿ ಗುಂಡು ಹೊರಡುತ್ತದೆ. ೧೮೪೫ರ ಸುಮಾರಿಗೆ ಫ್ರಾನ್ಸಿನ ಫ್ಲೋಬೆರ್ ಎಂಬ ಬಂದೂಕಿನ ಕೆಲಸಗಾರನು ಕಂಡುಹಿಡಿದ ಯುಕ್ತಿ ಇದು. ಅಗ್ಗ, ಸದ್ದು ಕಡಿಮೆ, ಕೈಗೆ ಬೀಳುವ ಒದೆತವು ಅಲ್ಪ. ದೋಷವೂ ಅದರಲ್ಲಿಯೇ ಇದೆ. ಅಂಚಿನೊಳಗಿನ ಮದ್ದು ಎಲ್ಲ ಕಡೆಗೂ ಸಮನಾಗಿ ಹರಡದಿದ್ದರೆ ಒಂದು ತೋಟೆ ಬೇಗ, ಇನ್ನೊಂದು ತಡವಾಗಿ ಹೊತ್ತಿ ಗುಂಡಿನ ವೇಗವು ಹೆಚ್ಚುಕಡಿಮೆಯಾಗುತ್ತದೆ. ದೊಡ್ಡ ಪಿಸ್ತೂಲಿನವನು ಖಾಲಿ ತೋಟೆಯನ್ನು ತನಗೆ ಬೇಕಾದ ತೂಕದ ಮದ್ದಿನಿಂದ ಮತ್ತೆ ತುಂಬಿಕೊಳ್ಳಬಲ್ಲನು. ರಿಮ್ ಫೈರ್ ಆಟಗಾರನಿಗೆ ಆ ಸ್ವಾತಂತ್ರ್ಯವಿಲ್ಲ. ಕಾರ್ಖಾನೆಯು ಕೊಟ್ಟುದೇ ಗತಿ. ಆದುದರಿಂದ ಒಂದೇ ಪಿಸ್ತೂಲು ಒಂದು ತಯಾರಿಕೆಯ ತೋಟೆಯಲ್ಲಿ ಶ್ರೇಷ್ಠವೆನಿಸಿ, ಇನ್ನೊಂದರಲ್ಲಿ ಸಾಧಾರಣವೆನಿಸುವುದುಂಟು. ತೋಟೆಯನ್ನು ಹೆಸರಿಸದೆ ಪಿಸ್ತೂಲಿನ ನಿಖರತೆಯನ್ನು ಹೊಗಳುವವನ ಮಾತು ಅರ್ಧ ಮಾತು.

ಪಿಸ್ತೂಲನ್ನೇ ಪ್ರತ್ಯೇಕವಾಗಿ ಅಳೆಯಬೇಕಾದರೆ ಮನುಷ್ಯನ ಕೈಯನ್ನು ಲೆಕ್ಕದಿಂದ ತೆಗೆಯಬೇಕು. ಇದಕ್ಕಾಗಿ ಅದನ್ನು ಭಾರವಾದ ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು ೨೫ ಅಥವಾ ೫೦ ಮೀಟರು ದೂರದ ಕಾಗದಕ್ಕೆ ಹೊಡೆದು, ತೂತುಗಳು ಎಷ್ಟು ಅಗಲದಲ್ಲಿ ಚದರಿವೆಯೆಂದು ಅಳೆಯುತ್ತಾರೆ. ತೂತುಗಳ ಗುಂಪು ಕಾಗದದ ನಡುವಿಗೆ ಬಿದ್ದಿತೇ ಎಂಬುದು ಇಲ್ಲಿ ಮುಖ್ಯವಲ್ಲ. ನಳಿಗೆಯ ಮೇಲಿರುವ ಗುರಿನೋಟದ ತಿರುಪನ್ನು ತಿರುಗಿಸಿ ಗುಂಪನ್ನು ನಡುವಿಗೆ ತರಬಹುದು. ಚದರಿದುದನ್ನು ಯಾವ ತಿರುಪಿನಿಂದಲೂ ಒಟ್ಟುಗೂಡಿಸಲಾಗದು. ಇಲ್ಲಿಯೂ ಮೋಸ ಹೋಗುವ ಸಂದರ್ಭಗಳುಂಟು. ಐದೇ ಗುಂಡುಗಳ ಒಂದೇ ಗುಂಪು ಏನನ್ನೂ ಸ್ಥಾಪಿಸುವುದಿಲ್ಲ. ಹತ್ತು ಗುಂಪುಗಳನ್ನು ಹೊಡೆದು ಅವುಗಳಲ್ಲಿ ಚೆಲುವಾದುದನ್ನು ಚೌಕಟ್ಟಿಗೆ ಹಾಕುವ ಮಾರಾಟಗಾರನಿಗೆ ಅದು ಅನುಕೂಲ, ಅಷ್ಟೆ. ಅದೇ ಪಿಸ್ತೂಲಿನಲ್ಲಿ ಐದು ಗುಂಡುಗಳ ಗುಂಪು ಸರಾಸರಿ ೪ ಅಂಗುಲವಿದ್ದರೆ ಹತ್ತು ಗುಂಡುಗಳದು ಸುಮಾರು ೫ ಅಂಗುಲವಾಗುವುದು ಗಣಿತದ ನಿಯಮ. ಆದುದರಿಂದ ಒಬ್ಬನ ಐದನ್ನು ಇನ್ನೊಬ್ಬನ ಹತ್ತರೊಡನೆ ಹೋಲಿಸಕೂಡದು. ತೋಟೆಯ ತಯಾರಿಕೆಯನ್ನು ಬದಲಿಸಿದಾಗ ಮೊದಲ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಕೂಡದು. ಹೊಸ ಗುಂಡಿನ ಮೇಣವು ನಳಿಗೆಯೊಳಗೆ ಹಿಡಿದುಕೊಳ್ಳುವ ತನಕ ಅವು ಅಲೆದಾಡುತ್ತವೆ.

ಈಗ ಕೈಯ ವಿಚಾರ. ಕೈಯಿಂದ ಆಗುವ ಚದರಿಕೆಯೂ ಪಿಸ್ತೂಲಿನಿಂದ ಆಗುವ ಚದರಿಕೆಯೂ ನೇರವಾಗಿ ಕೂಡುವುದಿಲ್ಲ. ಅವುಗಳ ವರ್ಗಗಳು ಕೂಡುತ್ತವೆ. ಮೆಟ್ರಿಕ್ಯುಲೇಷನ್ನಿನ ಗಣಿತವೇ ಇದಕ್ಕೆ ಸಾಕು. ಒಬ್ಬನ ಕೈ ೪ ಅಂಗುಲ ಚದರಿಸುವುದೆಂದೂ ಅವನ ಪಿಸ್ತೂಲು ೧ ಅಂಗುಲವೆಂದೂ ಇಟ್ಟುಕೊಳ್ಳೋಣ. ೧೬ಕ್ಕೆ ೧ ಸೇರಿ ೧೭. ಅದರ ಮೂಲ ಸುಮಾರು ೪.೧. ಅದಕ್ಕೆ ಬದಲು ೨ ಅಂಗುಲ ಚದರಿಸುವ ಕೀಳು ಪಿಸ್ತೂಲನ್ನು ಕೊಟ್ಟರೆ ೧೬ಕ್ಕೆ ೪ ಸೇರಿ ೨೦. ಮೂಲ ಸುಮಾರು ೪.೫. ಎರಡು ಪಿಸ್ತೂಲುಗಳ ನಡುವೆ ಇಮ್ಮಡಿ ವ್ಯತ್ಯಾಸವಿದ್ದರೂ ಆ ಕೈಗೆ ಅದು ತಿಳಿಯುವುದೇ ಇಲ್ಲ. ೨ ಅಂಗುಲದ ಕೈಯಾದರೋ ಒಂದರಲ್ಲಿ ೨.೨, ಇನ್ನೊಂದರಲ್ಲಿ ೨.೮ ಬರುತ್ತದೆ, ಅಂಥವನಿಗೆ ವ್ಯತ್ಯಾಸವು ಕಣ್ಣಿಗೆ ಹೊಡೆಯುತ್ತದೆ. ಪಿಸ್ತೂಲು ಕೆಟ್ಟದೆಂದು ದೂರುವ ಹಕ್ಕು ಒಳ್ಳೆಯ ಕೈಯವನಿಗೆ ಮಾತ್ರ ಬರುತ್ತದೆಂದಾಯಿತು.

ಕಬ್ಬಿಣದ ಹಿಡಿಕೆಗೆ ಕಾಣದ ಗುಣಗಳೂ ಪಿಸ್ತೂಲಿನಲ್ಲಿ ಹಲವು ಇವೆ. ಕುದುರೆಯು ಬೆರಳಿಗೆ ಹೇಗೆ ಬಿಟ್ಟುಕೊಡುತ್ತದೆ, ಭಾರವು ಮುಂದಕ್ಕೆ ಇದೆಯೋ ಹಿಂದಕ್ಕೆ ಇದೆಯೋ, ಗುಂಡು ಹೊರಟ ಮೇಲೆ ನಳಿಗೆಯು ಎಷ್ಟು ಬೇಗ ಗುರಿಗೆ ಮರಳುತ್ತದೆ, ಮರದ ಹಿಡಿಯು ಅಂಗೈಯ ಹಳ್ಳತಿಟ್ಟುಗಳಿಗೆ ಕೂಡುತ್ತದೆಯೇ, ಇವಾವುವೂ ಆ ಯಂತ್ರಕ್ಕೆ ತಿಳಿಯವು. ಗುರಿಯಾಟದ ಪಿಸ್ತೂಲಿನ ಹಿಡಿಯನ್ನು ಪಾದರಕ್ಷೆಯಂತೆ ಒಂದು ಕೈಯ ಅಳತೆಗೆ ಕೆತ್ತಿರುತ್ತಾರೆ. ಬಲಗೈಗೆಂದು ಕೆತ್ತಿದ ಹಿಡಿಯು ಎಡಗೈಗೆ ಒಗ್ಗದು. ಈ ಪಂದ್ಯದಲ್ಲಿ ಪಿಸ್ತೂಲನ್ನು ಒಂದೇ ಕೈಯಲ್ಲಿ ಚಾಚಿ ಹಿಡಿಯತಕ್ಕದ್ದು. ಇನ್ನೊಂದು ಕೈಯ ಆಸರೆ ಕೂಡದು. ಆ ಮಟ್ಟಿಗೆ ನಿಯಮವು ತಕಾಚನಿಗೆ ಬಾಗಿಲನ್ನು ಮುಚ್ಚಲಿಲ್ಲ. ಆದರೆ ಹಿಡಿತ, ಮಣಿಕಟ್ಟು, ಬೆರಳು, ಭುಜ, ನಿಲ್ಲುವ ಭಂಗಿ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಬೇಕಾಯಿತು.

ತಿಂಗಳುಗಳು ಕಳೆದವು. ೧೯೩೯ರ ವಸಂತದಲ್ಲಿ ಹಂಗೇರಿಯ ರಾಷ್ಟ್ರೀಯ ಪಿಸ್ತೂಲು ಪಂದ್ಯವು ನಡೆದಾಗ ತಕಾಚನು ಅಲ್ಲಿ ಕಾಣಿಸಿಕೊಂಡನು. ಜೊತೆಗಾರರು ಬಳಿಗೆ ಬಂದು ಅವನ ಕೈಗಾಗಿ ಮರುಗಿ, ತಮ್ಮ ಆಟವನ್ನು ನೋಡಲು ಬಂದ ಅವನ ದೊಡ್ಡ ಮನಸ್ಸನ್ನು ಹೊಗಳಿದರೆಂದೂ, ತಾನು ಬಂದುದು ನೋಡುವುದಕ್ಕಲ್ಲ, ಆಡುವುದಕ್ಕೆಂದು ಅವನು ಉತ್ತರಿಸಿದನೆಂದೂ ಹೇಳುವುದುಂಟು. ಹೇಳುವವರ ಬಾಯಲ್ಲಿ ಕಥೆ ಸ್ವಲ್ಪ ಬೆಳೆದಿದ್ದರೂ ಇರಬಹುದು. ಫಲಿತಾಂಶವು ಮಾತ್ರ ಬೆಳೆದುದಲ್ಲ. ಎಡಗೈಯಿಂದ ಅವನು ಆ ಪಂದ್ಯವನ್ನು ಗೆದ್ದನು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಲ್ಯೂಸರ್ನಿನಲ್ಲಿ ನಡೆದ ವಿಶ್ವಪಂದ್ಯಗಳಲ್ಲಿ ಶೀಘ್ರ ಪಿಸ್ತೂಲಿನ ತಂಡದ ಗೌರವವನ್ನು ಪಡೆದ ಹಂಗೇರಿಯವರಲ್ಲಿ ಅವನೂ ಒಬ್ಬನು.

ಬಲಗೈಯಲ್ಲಿದ್ದ ವಿದ್ಯೆ ಇಷ್ಟು ಬೇಗ ಎಡಗೈಗೆ ಹೇಗೆ ಬಂದಿತು? ವಿದ್ಯೆಯು ಕೈಯಲ್ಲಿ ಇರಲೇ ಇಲ್ಲವೆಂಬುದು ನಮಗೆ ತೋರುವ ಸಮಾಧಾನ. ನಳಿಗೆಯ ತುದಿಯ ಮುಳ್ಳನ್ನು ಹಿಂದಿನ ಕಚ್ಚಿನಲ್ಲಿ ಸಮನಾಗಿ ಕಾಣುವುದು, ಕೈ ಅಲುಗುತ್ತಿದ್ದರೂ ಧೃತಿಗೆಡದೆ ಬೆರಳನ್ನು ಒಂದೇ ಹದದಲ್ಲಿ ಎಳೆಯುವುದು, ತಪ್ಪಿದ ಗುಂಡನ್ನು ಮರೆಯುವುದು, ಉಸಿರನ್ನು ತಡೆಯುವ ಕ್ಷಣವನ್ನು ಅರಿಯುವುದು, ಇವು ಬಲಗೈಯ ಆಸ್ತಿಯಲ್ಲ. ಒಂದು ಕೈಗೆ ಮಾತ್ರ ಸಾಧನೆ ಮಾಡಿಸಿದರೂ ಅದರ ಫಲವು ಸ್ವಲ್ಪಮಟ್ಟಿಗೆ ಇನ್ನೊಂದು ಕೈಯಲ್ಲಿ ಕಾಣುವುದೆಂಬುದನ್ನು ಅಮೆರಿಕದ ಯೇಲ್ ವಿದ್ಯಾಲಯದ ಪಂಡಿತರು ೧೮೯೪ರಷ್ಟು ಹಿಂದೆಯೇ ಪ್ರಯೋಗ ಮಾಡಿ ತೋರಿಸಿದ್ದರು. ಉಳಿದುದು ಎಡತೋಳಿಗೆ ಬಲವನ್ನೂ ನಿಲುಕಡೆಯನ್ನೂ ಕಲಿಸುವ ಕೂಲಿಯ ಕೆಲಸ. ಆ ಕೂಲಿಯನ್ನು ಅವನು ದಿನದಿನವೂ, ಹೊಗಳುವವರಿಲ್ಲದೆ, ಯಾರೂ ಕಾಣದಂತೆ ಮಾಡಿದನು.

ಆಮೇಲೆ ಯುದ್ಧ ಬಂದಿತು. ಟೋಕಿಯೋದಿಂದ ಹೆಲ್ಸಿಂಕಿಗೆ ವರ್ಗವಾಗಿದ್ದ ೧೯೪೦ರ ಒಲಿಂಪಿಕ್ ನಡೆಯಲಿಲ್ಲ, ೧೯೪೪ರದೂ ನಡೆಯಲಿಲ್ಲ. ಆಟಗಾರನ ಆಯುಸ್ಸಿನಲ್ಲಿ ಎರಡು ಒಲಿಂಪಿಕ್ಕುಗಳೆಂದರೆ ಬೆಳೆಯುವ ಕಾಲವೆಲ್ಲ ಮುಗಿದಂತೆಯೇ. ೧೯೪೮ರಲ್ಲಿ ಲಂಡನ್ನಿನ ಕರೆ ಬಂದಾಗ ತಕಾಚನಿಗೆ ೩೮ ವರ್ಷ. ಆ ಪಂದ್ಯಗಳೆಂದರೆ ನಮ್ಮವರಿಗೆ ನೆನಪಾಗುವುದು ಆಗಸ್ಟ್ ೧೨ರಂದು ಸ್ವತಂತ್ರ ಭಾರತದ ಹಾಕಿ ತಂಡವು ಬ್ರಿಟನ್ನನ್ನು ಅವರ ನೆಲದಲ್ಲಿಯೇ ೪-೦ಯಿಂದ ಸೋಲಿಸಿದ ಸಂಭ್ರಮ. ಅದು ಸಹಜವೇ. ಆದರೆ ಲಂಡನ್ನಿನ ಹೊರಗಿನ ಬಿಸ್ಲಿ ಮೈದಾನದಲ್ಲಿ ನಡೆದುದನ್ನೂ ನಾವು ತಿಳಿದಿರಬೇಕು.

ಶೀಘ್ರ ಪಿಸ್ತೂಲಿನ ಪಂದ್ಯದ ಕ್ರಮ ಹೀಗೆ: ೨೫ ಮೀಟರು ದೂರದಲ್ಲಿ ಐದು ಗುರಿಗಳು ಸಾಲಾಗಿ ಅಡ್ಡಮುಖವಾಗಿ ನಿಂತಿರುತ್ತವೆ. ಆ ಕಾಲದಲ್ಲಿ ಅವು ಮನುಷ್ಯನ ಆಕಾರದ ಹಲಗೆಗಳು. ಆಟಗಾರನು ತೋಳನ್ನು ಕೆಳಕ್ಕೆ ಇಳಿಸಿಕೊಂಡು ಕಾಯುತ್ತಾನೆ. ಐದೂ ಒಮ್ಮೆಗೇ ಅವನ ಕಡೆಗೆ ತಿರುಗುತ್ತವೆ. ತೋಳನ್ನೆತ್ತಿ ಒಂದೊಂದಕ್ಕೂ ಒಂದೊಂದು ಗುಂಡು ಹೊಡೆದು ಮುಗಿಸಬೇಕು. ಮೊದಲು ೮ ಸೆಕೆಂಡು, ಅನಂತರ ೬, ಕೊನೆಗೆ ೪ ಸೆಕೆಂಡು. ಒಟ್ಟು ೬೦ ಗುಂಡು, ಪೂರ್ಣಾಂಕ ೬೦೦. ನಾಲ್ಕು ಸೆಕೆಂಡಿನಲ್ಲಿ ತೋಳೆತ್ತಿ ಐದು ಬೇರೆ ಬೇರೆ ಗುರಿಗಳಿಗೆ ಹೊಡೆಯಬೇಕಾದವನಿಗೆ ಕಬ್ಬಿಣದ ಹಿಡಿಕೆಯಲ್ಲಿ ಅರ್ಧ ಅಂಗುಲ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದು ಅಷ್ಟು ದೊಡ್ಡ ಮಾತಲ್ಲ. ಪಿಸ್ತೂಲು ಗುಂಡಿನ ಒದೆತದಿಂದ ಮೇಲೆದ್ದು ಮುಂದಿನ ಗುರಿಯ ಮೇಲೆ ತಾನಾಗಿಯೇ ಬಂದು ಕೂಡುತ್ತದೆಯೇ, ತೋಟೆ ನಡುವೆ ಸಿಕ್ಕಿಕೊಳ್ಳದೆ ಬರುತ್ತದೆಯೇ ಎಂಬುದೇ ದೊಡ್ಡ ಮಾತು. ಪಿಸ್ತೂಲನ್ನು ಅದು ಮಾಡಬೇಕಾದ ಕೆಲಸದಲ್ಲಿಯೇ ಪರೀಕ್ಷಿಸಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಗೆಲ್ಲುವನೆಂದು ಎಲ್ಲರೂ ನಂಬಿದ್ದವನು ಅರ್ಜೆಂಟೀನಾದ ಕಾರ್ಲೋಸ್ ದಿಯಾಸ್ ಸಾಯೆನ್ಸ್ ವಾಲಿಯೆಂತೆ, ಅಂದಿನ ವಿಶ್ವವಿಜೇತನು. ಪಂದ್ಯಕ್ಕೆ ಮುಂಚೆ ಅವನು ತಕಾಚನನ್ನು ಕಂಡು, ಲಂಡನ್ನಿಗೆ ಏಕೆ ಬಂದಿರಿ ಎಂದು ಅಚ್ಚರಿಪಟ್ಟು ಕೇಳಲಾಗಿ, ಕಲಿಯುವುದಕ್ಕಾಗಿ ಬಂದೆನೆಂದು ತಕಾಚನು ಹೇಳಿದನಂತೆ. ಅಂಕಗಳನ್ನು ಕೂಡಿದಾಗ ತಕಾಚನಿಗೆ ೫೮೦, ಅರ್ಜೆಂಟೀನಾದವನಿಗೆ ೫೭೧, ಮೂರನೆಯವನಾದ ಸ್ವೀಡನ್ನಿನ ಲುಂಡ್‌ಕ್ವಿಸ್ಟನಿಗೆ ೫೬೯. ಹಿಂದಿನ ವಿಶ್ವದಾಖಲೆಗಿಂತ ೧೦ ಅಂಕ ಹೆಚ್ಚು. ೬೦ ಗುಂಡುಗಳಲ್ಲಿ ಅವನು ಕಳೆದುಕೊಂಡುದು ೨೦ ಅಂಕ. ಮೂರು ಗುಂಡಿಗೆ ಒಂದಂಕ. ಪದಕಗಳನ್ನು ಹಂಚುವಾಗ, ನೀವು ಸಾಕಷ್ಟು ಕಲಿತಿರುವಿರೆಂದು ಸಾಯೆನ್ಸ್ ವಾಲಿಯೆಂತೆಯು ಅವನಿಗೆ ಹೇಳಿದನೆಂಬುದು ಪ್ರಸಿದ್ಧವಾದ ಸಂಗತಿ. ಸೋತವನ ಬಾಯಲ್ಲಿ ಬಂದ ಆ ಸರಸವು ಅವನ ಯೋಗ್ಯತೆಗೂ ತಕ್ಕುದೇ ಆಗಿದೆ.

ಒಂದು ಗೆಲವನ್ನು ದೈವಯೋಗವೆನ್ನುವವರು ಯಾವಾಗಲೂ ಇರುವರು. ಐದು ಗುಂಡುಗಳ ಒಂದು ಗುಂಪನ್ನು ನಾವು ನಂಬ ಬಾರದೆಂದು ಮೇಲೆ ಹೇಳಿದ್ದೆವಷ್ಟೆ. ಆ ನ್ಯಾಯವು ಮನುಷ್ಯನಿಗೂ ಸಲ್ಲುತ್ತದೆ. ನಾಲ್ಕು ವರ್ಷಗಳ ಮೇಲೆ, ೧೯೫೨ರಲ್ಲಿ, ಹೆಲ್ಸಿಂಕಿಯಲ್ಲಿ ಅದೇ ಪರೀಕ್ಷೆ ಮತ್ತೆ ನಡೆಯಿತು. ಆಗ ತಕಾಚನಿಗೆ ೪೨ ವರ್ಷ. ಈ ಸಲ ೫೭೯. ಹಿಂದಿನದಕ್ಕೆ ಒಂದೇ ಅಂಕ ಕಡಿಮೆ. ನಾಲ್ಕು ವರ್ಷಗಳ ಅಂತರದಲ್ಲಿ ಒಂದಂಕದಷ್ಟು ಮಾತ್ರ ಅಲುಗಿದ ಕೈಯನ್ನು ಯಾವ ಕಬ್ಬಿಣದ ಹಿಡಿಕೆಗೆ ಹೋಲಿಸೋಣ! ಚಿನ್ನದ ಪದಕವು ಮತ್ತೆ ಅವನಿಗೇ ಬಂದಿತು. ಶೀಘ್ರ ಪಿಸ್ತೂಲಿನಲ್ಲಿ ಎರಡು ಸಲ ಒಲಿಂಪಿಕ್ ಚಿನ್ನವನ್ನು ಪಡೆದವರಲ್ಲಿ ಅವನೇ ಮೊದಲಿಗನು. ಎರಡನೆಯವನು ಹಂಗೇರಿಯವನೇ ಆದ ಸಿಲಾರ್ಡ್ ಕುನ್, ೫೭೮ ಅಂಕ. ಮೂರನೆಯವನಾದ ರುಮೇನಿಯದ ಲಿಕಿಯಾರ್ದೊಪೋಲನಿಗೂ ಅಷ್ಟೇ ಅಂಕ. ಕುನ್ ಎಂಬವನು ೧೭ ವರ್ಷದ ಹುಡುಗ, ತಕಾಚನ ಶಿಷ್ಯ. ಗುರುವಿಗೂ ಶಿಷ್ಯನಿಗೂ ನಡುವೆ ಒಂದಂಕ. ದ್ರೋಣನು ಶಿಷ್ಯನ ಹೆಬ್ಬೆರಳನ್ನು ಕೇಳಿದ ಕಥೆಯನ್ನು ಕೇಳಿ ಬೆಳೆದ ನಮಗೆ, ತನ್ನ ಪದಕಕ್ಕೆ ಎರವಾಗಬಲ್ಲ ಹುಡುಗನನ್ನು ತಾನೇ ತಯಾರು ಮಾಡಿ ಪಕ್ಕದಲ್ಲಿ ನಿಲ್ಲಿಸಿಕೊಂಡು ಹೊಡೆದ ಈ ಗುರುವನ್ನು ಕಂಡು ಸಂತೋಷವಾಗುತ್ತದೆ.

೧೯೫೬ರಲ್ಲಿ ಮೆಲ್ಬೋರ್ನಿಗೂ ಅವನು ಹೋದನು. ಹಂಗೇರಿಯಲ್ಲಿ ಆ ಶರತ್ಕಾಲದ ಕ್ರಾಂತಿಯೂ ಅದನ್ನು ಸೋವಿಯತ್ ಸೈನ್ಯವು ಅಡಗಿಸಿದುದೂ ಆಗಷ್ಟೇ ನಡೆದಿದ್ದವು. ವಯಸ್ಸು ೪೬, ಸ್ಥಾನವು ಎಂಟನೆಯದು. ಗೆದ್ದ ರುಮೇನಿಯದ ಪೆತ್ರೆಸ್ಕುವಿನ ಅಂಕ ೫೮೭. ಪಿಸ್ತೂಲುಗಳೂ ತೋಟೆಗಳೂ ಕೈಗಳೂ ಮುಂದೆ ಸಾಗಿದ್ದವು. ೧೯೫೮ರ ವಿಶ್ವಪಂದ್ಯಗಳಲ್ಲಿ ದೊಡ್ಡ ಪಿಸ್ತೂಲಿನ ಪಂದ್ಯದಲ್ಲಿ ಕಂಚಿನ ಪದಕವನ್ನು ಪಡೆದನು. ತನ್ನ ದೇಶದ ಪ್ರಥಮಸ್ಥಾನವನ್ನು ಒಟ್ಟು ೩೫ ಸಲ ಗೆದ್ದನು. ಸಾರ್ಜೆಂಟಾಗಿ ಹೊರಗುಳಿದವನು ಸೈನ್ಯದಲ್ಲಿ ಅಧಿಕಾರಿಯೂ ಆದನು; ಪಟ್ಟಿಗಳು ಗುಂಡುಗಳಿಗಿಂತ ತಡವಾಗಿ ಗುರಿ ಮುಟ್ಟಿದವು. ಅನಂತರದ ವರ್ಷಗಳಲ್ಲಿ ಹುಡುಗರಿಗೆ ಗುರಿಯಾಟವನ್ನು ಕಲಿಸಿದನು. ೧೯೭೬ನೆಯ ಜನವರಿ ೫ರಂದು, ೬೬ ವರ್ಷ ತುಂಬುವುದಕ್ಕೆ ೧೬ ದಿನಗಳಿರುವಾಗ, ತಾನು ಹುಟ್ಟಿದ ಬುಡಾಪೆಸ್ಟಿನಲ್ಲಿಯೇ ತೀರಿಕೊಂಡನು.

ಇನ್ನು ಕಾರ್ಯದರ್ಶಿಗಳ ಪ್ರಶ್ನೆ. ಪೆಟ್ಟಿಗೆಯೊಳಗಿನ ಕಾಗದವನ್ನು ಅವರು ಸದ್ಯಕ್ಕೆ ಪೆಟ್ಟಿಗೆಯಲ್ಲಿಯೇ ಇಡಲಿ. ಎರಡು ಪಿಸ್ತೂಲುಗಳನ್ನೂ ಮರಳಿನ ಚೀಲದ ಮೇಲೆ ಆನಿಸಿ, ಸಂಘಕ್ಕೆ ನಿತ್ಯವೂ ಸಿಗಬಲ್ಲ ಎರಡು ಮೂರು ತಯಾರಿಕೆಯ ತೋಟೆಗಳಿಂದ, ಒಂದೊಂದಕ್ಕೂ ಹತ್ತು ಗುಂಡುಗಳ ಐದು ಗುಂಪುಗಳನ್ನು ೨೫ ಮೀಟರಿನಲ್ಲಿ ಹೊಡೆಯಿಸಲಿ. ಕೆಟ್ಟ ಗುಂಪುಗಳನ್ನೂ ಬರೆದಿಟ್ಟು ಸರಾಸರಿಯನ್ನು ತೆಗೆಯಲಿ. ಅನಂತರ ಅವರಲ್ಲಿ ಚೆನ್ನಾಗಿ ಹೊಡೆಯುವ ಇಬ್ಬರ ಬರಿಗೈಯಲ್ಲಿ, ಯಾವುದು ಬೆಲೆಬಾಳುವುದೆಂಬುದನ್ನು ಅವರಿಗೆ ತಿಳಿಸದೆ, ಎರಡರಿಂದಲೂ ಬೇರೆ ಬೇರೆ ದಿನಗಳಲ್ಲಿ ಹೊಡೆಯಿಸಲಿ. ಚೀಲದ ಮೇಲೆ ಸಣ್ಣ ವ್ಯತ್ಯಾಸವಿದ್ದು ಕೈಯಲ್ಲಿ ದೊಡ್ಡ ವ್ಯತ್ಯಾಸ ಬಂದರೆ ಕೈಯ ಮಾತನ್ನು ಕೇಳುವುದು ಲೇಸು. ಎಡಚ ಹುಡುಗನ ಆಟವನ್ನು ಮಾತ್ರ ಬಲಗೈಯ ಹಿಡಿಯಿಂದ ಅಳೆಯಕೂಡದು. ಬೀಟೆಮರದ ತುಂಡೊಂದನ್ನು ಕೊಟ್ಟು ಊರಿನ ಒಳ್ಳೆಯ ಬಡಗಿಯಿಂದ ಅವನ ಅಂಗೈಯ ಅಳತೆಗೆ ಎಡಹಿಡಿಯನ್ನು ಮಾಡಿಸಿ, ಆಮೇಲೆ ಅವನ ಕೈಗೆ ಪಿಸ್ತೂಲನ್ನು ಕೊಡಲಿ. ಅದರ ಫಲಿತಾಂಶವನ್ನು ನಮಗೂ ಬರೆದು ತಿಳಿಸಬೇಕೆಂದು ಕೇಳಿಕೊಳ್ಳುವೆವು.